ನಡುಕ ತಡೆಯುವ ಗಾಜು: ಬಿದ್ದ 70-300 ಲೆನ್ಸ್ ಬಿಚ್ಚಿ ಸರಿಮಾಡಿದ್ದು

ಕ್ಯಾಮೆರಾದ ಶಟರ್ ಗುಂಡಿ ಅರ್ಧ ಒತ್ತಿದರೆ ಸಾಕು, ಅದರಲ್ಲಿ ಕಾಣುವ ಎದುರಿನ ಬೇವಿನ ಮರ ಸಟ್ಟನೆ ಕೆಳಗಿನ ಮೂಲೆಗೆ ಜಿಗಿಯುತ್ತಿತ್ತು. ಅಲ್ಲೇ ಗಡಗಡ ನಡುಗುತ್ತಿತ್ತು. ಮತ್ತೆ ಮೇಲಕ್ಕೆ ಬರುತ್ತಿತ್ತು, ಮತ್ತೆ ಬೀಳುತ್ತಿತ್ತು. ಕಿವಿಗೆ ಹಚ್ಚಿದರೆ ಲೆನ್ಸ್ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುವ ಸದ್ದು.

ಬಿದ್ದದ್ದು ಹಿಂದಿನ ಭಾನುವಾರ. ಆಲಮಟ್ಟಿ ಹಿನ್ನೀರಿನ ದಂಡೆಯಿಂದ ಬಾಗಲಕೋಟೆಗೆ ವಾಪಸ್ ಬರುವಾಗ ಬೈಕ್ ನಿಲ್ಲಿಸಿ ಚಹಾ ಕುಡಿದೆ. ಬ್ಯಾಗಿನ ಜಿಪ್ ಹಾಕುವುದು ಮರೆತು ಹೆಗಲಿಗೆ ಏರಿಸಿದೆ. ಲೆನ್ಸ್ ಜಾರಿ ಕಲ್ಲುಚಪ್ಪಡಿ ಮೇಲೆ ಬಿತ್ತು. ಮುಂದಿನ ಗಾಜು ಒಡೆಯಲಿಲ್ಲ. ಫಿಲ್ಟರ್ ಬಳೆ ಒಂದು ಕಡೆ ಸೊಟ್ಟಾಯಿತು, ಅಷ್ಟೇ. ಬಚಾವಾಯಿತು ಅಂದುಕೊಂಡೆ. ಮನೆಗೆ ಬಂದು ಆನ್ ಮಾಡಿದಾಗ ಗೊತ್ತಾಯಿತು.

ನನ್ನ ಕೆಲಸ ನವನಗರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್. ಸುಟ್ಟ ಬೋರ್‌ವೆಲ್ ಮೋಟಾರ್ ಬರುತ್ತದೆ, ಹಳೆ ತಂತಿ ಕಿತ್ತು ಹೊಸದು ಸುತ್ತುತ್ತೇನೆ. ಕಾಯಿಲ್, ಅಯಸ್ಕಾಂತ, ಓಮ್ ಇವೆಲ್ಲ ದಿನಾ ಕೈಗೆ ಸಿಗುವ ವಿಷಯ. ಫೋಟೋ ತೆಗೆಯುವುದು ಹುಚ್ಚು. ಚಳಿಗಾಲದಲ್ಲಿ ಹಿನ್ನೀರಿಗೆ ಬರುವ ಪಟ್ಟೆತಲೆಯ ಹೆಬ್ಬಾತು ಮತ್ತು ಫ್ಲೆಮಿಂಗೊಗಳಿಗಾಗಿಯೇ 70ರಿಂದ 300 ಮಿ.ಮೀ. ತನಕ ಜೂಮ್ ಆಗುವ ಈ 70-300 ಲೆನ್ಸನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದೆ. ರಿಪೇರಿಗೆ ಕಳಿಸಿದರೆ ಕೊಂಡ ಬೆಲೆಯ ಹತ್ತಿರ ಬರುತ್ತದೆ ಅಂತ ಗೊತ್ತಾದ ಮೇಲೆ ನಾನೇ ಬಿಚ್ಚಲು ಕೂತೆ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಸಂಜೆ ಸುಮ್ನೆ ಪರೀಕ್ಷೆ ಮಾಡಿದೆ. ಮೋಟಾರಿನಲ್ಲೂ ಅದೇ ನನ್ನ ರೂಢಿ. ಏನು ಕೆಟ್ಟಿಲ್ಲ ಅನ್ನುವುದು ಮೊದಲು ತಿಳಿಯಬೇಕು.

ಹಿಂದಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒರೆಸಿದೆ. ಫರಕ್ ಆಗಲಿಲ್ಲ. ಆಟೋಫೋಕಸ್ ಸರಿ ಇತ್ತು, ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ಸರಿ ಇತ್ತು. ಕೈ ನಡುಕದಿಂದ ಬರುವ ಮಸುಕು ತಡೆಯುವ ಸ್ಟೆಬಿಲೈಜರ್‌ನ ಸ್ವಿಚ್ ಆಫ್ ಮಾಡಿದರೆ ಜಿಗಿತ ಪೂರಾ ನಿಲ್ಲುತ್ತಿತ್ತು. ಹಾಗಾದರೆ ದೋಷ ಸ್ಟೆಬಿಲೈಜರ್‌ನಲ್ಲೇ.

ಆದರೆ ಇನ್ನೊಂದು ವಿಷಯ ಕಂಡಿತು. ಗೋಡೆಗೆ ಅಗಲವಾಗಿ ಪೇಪರ್ ಅಂಟಿಸಿ, ಸ್ಟೆಬಿಲೈಜರ್ ಆಫ್ ಇಟ್ಟು, ಟ್ರೈಪಾಡ್ ಮೇಲೆ ಫೋಟೋ ತೆಗೆದೆ. ಬಲಗಡೆ ಅಕ್ಷರ ಚೊಕ್ಕ, ಎಡಗಡೆ ಮಸುಕು. ಬೀಳುವ ಮೊದಲು ಹೀಗಿರಲಿಲ್ಲ. ಒಳಗೆ ಯಾವುದೋ ಗಾಜು ವಾಲಿದೆ ಅಂತ ಅರ್ಥ. ಗಾಜು ನೇರ ಕೂತಿಲ್ಲದಿದ್ದರೆ ಚಿತ್ರದ ಒಂದು ಬದಿ ಫೋಕಸ್ ತಪ್ಪುತ್ತದೆ. ಜಿಗಿತ ಮತ್ತು ಒಂದು ಬದಿಯ ಮಸುಕು, ಎರಡೂ ಒಟ್ಟಿಗೆ ಬಂದರೆ ಗುಮಾನಿ ಒಂದೇ ಕಡೆ ಹೋಗುತ್ತದೆ. ನಡುಕ ತಡೆಯುವ ಆ ತೇಲುವ ಗಾಜೇ ತನ್ನ ಜಾಗ ಬಿಟ್ಟಿರಬೇಕು.

ತೇಲುವ ಗಾಜು ಅಂದರೇನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದೆ ಬಿಚ್ಚಿದರೆ ಬಿಚ್ಚಿದ್ದು ದಂಡ.

ಕೈ ಯಾರದಾದರೂ ನಡುಗುತ್ತದೆ. ಸೆಕೆಂಡಿಗೆ ಒಂದರಿಂದ ಹತ್ತು ಸಲದಷ್ಟು, ಬಹಳ ಸಣ್ಣಗೆ. 300 ಮಿ.ಮೀ. ಲೆನ್ಸ್ ಹಿಡಿದ ಕೈ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಿರುಗಿತು ಅನ್ನಿ. ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಚಿತ್ರ ಅರ್ಧ ಮಿ.ಮೀ. ಸರಿಯುತ್ತದೆ. ಅರ್ಧ ಮಿ.ಮೀ. ಅಂದರೆ ಏನು ಮಹಾ ಅನಿಸುತ್ತದೆ ಅಲ್ವಾ? ನನ್ನ ಕ್ಯಾಮೆರಾದಲ್ಲಿ ಸೆನ್ಸರ್ ಅಗಲ 23.5 ಮಿ.ಮೀ., ಅದರಲ್ಲಿ 6000 ಪಿಕ್ಸೆಲ್. ಲೆಕ್ಕ ಹಾಕಿದರೆ ಚಿತ್ರ ಸುಮಾರು 130 ಪಿಕ್ಸೆಲ್ ಓಡಿರುತ್ತದೆ. ಹಕ್ಕಿಯ ಕಣ್ಣೇ ಅಳಿಸಿಹೋಗಲು ಅಷ್ಟು ಸಾಕು. ಅದೇ ನಡುಕ 18 ಮಿ.ಮೀ. ಲೆನ್ಸ್‌ನಲ್ಲಿ ಬರೀ 8 ಪಿಕ್ಸೆಲ್. ಅದಕ್ಕೇ ದೂರದ ಲೆನ್ಸ್‌ಗೆ ಸ್ಟೆಬಿಲೈಜರ್ ಇಷ್ಟು ಮುಖ್ಯ.

ಈಗ ಮುಖ್ಯ ಮಾತು. ಸ್ಟೆಬಿಲೈಜರ್ ಕೈ ನಡುಕವನ್ನು ನಿಲ್ಲಿಸುವುದಿಲ್ಲ. ಕ್ಯಾಮೆರಾ ನಡುಗುತ್ತಲೇ ಇರುತ್ತದೆ. ಸೆನ್ಸರ್ ಎತ್ತ ಸರಿಯಿತೋ ಚಿತ್ರವನ್ನೂ ಅತ್ತಲೇ, ಅಷ್ಟೇ ಸರಿಸುತ್ತದೆ. ಸೆನ್ಸರ್ ಮತ್ತು ಚಿತ್ರ ಕೂಡಿಯೇ ನಡುಗಿದರೆ ಒಂದರ ಮೇಲೆ ಇನ್ನೊಂದು ಉಜ್ಜುವುದಿಲ್ಲ, ಮಸುಕು ಬೀಳುವುದಿಲ್ಲ. ಈ ಕೆಲಸಕ್ಕೆ ಲೆನ್ಸ್ ನಡುವೆ ಒಂದು ಗಾಜಿನ ಗುಂಪು ಇರುತ್ತದೆ. ಅದು ಮುಂದೆ ಹಿಂದೆ ಹೋಗುವುದಿಲ್ಲ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ಸರಿಯುತ್ತದೆ, ಅದೂ ಒಂದು ಮಿ.ಮೀ. ಆಸುಪಾಸು. ಗಾಜು ಪಕ್ಕಕ್ಕೆ ಸರಿದಾಗ ಬೆಳಕು ಅದರ ನಡುವಿನಿಂದ ಹಾಯದೆ ಅಂಚಿನ ಕಡೆಯಿಂದ ಹಾಯುತ್ತದೆ, ಬಾಗುತ್ತದೆ. ಚಿತ್ರ ಪಕ್ಕಕ್ಕೆ ಬೀಳುತ್ತದೆ.

ಕ್ಯಾನನ್ ಇದಕ್ಕೆ ಐ.ಎಸ್. ಅನ್ನುತ್ತದೆ, ನಿಕಾನ್ ವಿ.ಆರ್., ಟ್ಯಾಮ್ರಾನ್ ವಿ.ಸಿ., ಸಿಗ್ಮಾ ಓ.ಎಸ್. ಒಳಗಿನ ತತ್ವ ಒಂದೇ. 1994ರಲ್ಲಿ ನಿಕಾನ್ ಒಂದು ಸಣ್ಣ ಫಿಲ್ಮ್ ಕ್ಯಾಮೆರಾದಲ್ಲಿ ಇದನ್ನು ತಂದಿತು. ಬಿಚ್ಚಿ ಹಾಕುವ ಎಸ್.ಎಲ್.ಆರ್. ಲೆನ್ಸ್‌ಗೆ ಮೊದಲು ತಂದದ್ದು ಕ್ಯಾನನ್, 1995ರಲ್ಲಿ, 75-300 ಮಿ.ಮೀ. ಲೆನ್ಸ್‌ನಲ್ಲಿ.

ಮಂಗಳವಾರ ರಾತ್ರಿ: ಹಿಂದಿನಿಂದ ಒಳಗೆ

ಮೇಜಿನ ಮೇಲೆ ಅವ್ವನ ಹಿಟ್ಟು ನಾದುವ ದೊಡ್ಡ ಪರಾತ ಇಟ್ಟೆ. ಒಳಗೆ ಬಿಳಿ ಬಟ್ಟೆ ಹಾಸಿದೆ. ಸಣ್ಣ ಸ್ಕ್ರೂ ಬಿದ್ದರೆ ಪುಟಿಯಬಾರದು, ಉರುಳಿ ಹೋಗಬಾರದು. ಪರಾತದ ಅಂಚು ಅದನ್ನು ತಡೆಯುತ್ತದೆ. ಈ ಉಪಾಯ ಮುಂದೆ ನನ್ನನ್ನು ಕಾಪಾಡಿತು.

ಒಂದು ಕಾಗದದ ಮೇಲೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಅಂಟಿಸುತ್ತ ಹೋದೆ. ಪಕ್ಕದಲ್ಲಿ ಪೆನ್ನಿನಿಂದ ಎಲ್ಲಿಯದು ಅಂತ ಬರೆದೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ. ಒಟ್ಟು 61 ಫೋಟೋ ಆದವು, ಒಂದೂ ಜಾಸ್ತಿ ಅನಿಸಲಿಲ್ಲ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿ ಲೆನ್ಸ್‌ಗಳ ಸ್ಕ್ರೂ ನೋಡಲು ಫಿಲಿಪ್ಸ್ ಥರವೇ ಇರುತ್ತದೆ, ಆದರೆ ಅದು ಜೆ.ಐ.ಎಸ್. ಅನ್ನುವ ಜಪಾನಿನದೇ ಅಳತೆಯದು. ಸಾದಾ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಏಳುತ್ತದೆ, ತಲೆ ಸವೆಸುತ್ತದೆ. ಸವೆದರೆ ಮುಗಿಯಿತು. ನಾನು ಜೆ.ಐ.ಎಸ್. ಸೆಟ್ ತರಿಸಿಕೊಂಡೇ ಶುರು ಮಾಡಿದೆ. ಎರಡು ಸ್ಕ್ರೂ ಬಣ್ಣದ ಅಂಟು ಹಿಡಿದು ಅಲ್ಲಾಡಲಿಲ್ಲ. ಸೋಲ್ಡರಿಂಗ್ ಐರನ್ ತುದಿಯನ್ನು ತಲೆಗೆ ಎರಡು ಸೆಕೆಂಡ್ ತಾಗಿಸಿದೆ. ಅಂಟು ಮೆತ್ತಗಾಯಿತು, ತಿರುಗಿತು.

ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ಮೌಂಟ್ ಬಳೆ ಎತ್ತಿದಾಗ ಕೆಳಗೆ ತೆಳ್ಳನೆಯ ಹಿತ್ತಾಳೆ ತುಣುಕುಗಳು ಕಂಡವು. ಇವು ಶಿಮ್. ಲೆನ್ಸ್ ಮತ್ತು ಸೆನ್ಸರ್ ನಡುವಿನ ದೂರವನ್ನು ಮಿ.ಮೀ.ನ ನೂರನೇ ಭಾಗದ ಲೆಕ್ಕದಲ್ಲಿ ಹೊಂದಿಸಲು ಫ್ಯಾಕ್ಟರಿಯಲ್ಲಿ ಇಟ್ಟದ್ದು. ಒಂದೊಂದರ ದಪ್ಪ ಬೇರೆ. ಯಾವುದು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹೋಗಬೇಕು. ಗಡಿಬಿಡಿಯಲ್ಲಿ ಇದನ್ನು ಕಳೆದುಕೊಂಡರೆ ಉಳಿದ ರಿಪೇರಿ ಎಷ್ಟು ಚೆನ್ನಾಗಿ ಮಾಡಿದರೂ ಫೋಕಸ್ ಕೂರುವುದಿಲ್ಲ.

ಶಾಕ್ ಹೊಡೆಯುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಫ್ಲ್ಯಾಶ್ ಇರುವ ಕ್ಯಾಮೆರಾ ಬಾಡಿ ಬಿಚ್ಚಿದರೆ ಹುಷಾರಾಗಿರಬೇಕು, ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಹತ್ತಿರ ಇರುತ್ತದೆ. ಲೆನ್ಸ್ ಒಳಗೆ ಅಂಥದ್ದಿಲ್ಲ.

ಶಿಮ್ ಕೆಳಗೆ ಮುಖ್ಯ ಬೋರ್ಡ್. ಅರ್ಧ ಬಳೆಯ ಆಕಾರ. ಅದರ ಮೇಲೆ ತೊಗರಿ ಕಾಳಿಗಿಂತ ದೊಡ್ಡದಲ್ಲದ ಎರಡು ಕಪ್ಪು ಡಬ್ಬಿ, ಒಂದಕ್ಕೊಂದು ಅಡ್ಡಲಾಗಿ ಕೂತಿದ್ದವು. ಇವೇ ಜೈರೋ ಸೆನ್ಸರ್. ಒಂದು ಮೇಲೆ ಕೆಳಗಿನ ಓಲಾಟಕ್ಕೆ, ಇನ್ನೊಂದು ಎಡ ಬಲದ ಓಲಾಟಕ್ಕೆ.

ನಾನು ಅಲ್ಲೇ ಸ್ವಲ್ಪ ಹೊತ್ತು ಕಣ್ಣಿಗೆ ಹಚ್ಚುವ ಭೂತಗನ್ನಡಿ, ಅಂದರೆ ಐಗ್ಲಾಸ್ ಹಾಕಿಕೊಂಡು ಅದನ್ನೇ ನೋಡುತ್ತ ಕೂತೆ. ಜೈರೋ ಅಂದರೆ ಬುಗುರಿಯ ಹಾಗೆ ತಿರುಗುವ ಚಕ್ರ ಅಂತ ಶಾಲೆಯಲ್ಲಿ ಓದಿದ್ದು. ಇದರೊಳಗೆ ತಿರುಗುವ ಚಕ್ರ ಇಲ್ಲ. ಬಹಳ ಸಣ್ಣ ಕವಲುಕಡ್ಡಿಯಂಥ ಭಾಗ ಇದೆ, ಅದು ಸದಾ ಕಂಪಿಸುತ್ತಿರುತ್ತದೆ. ಜಾತ್ರೆಯಲ್ಲಿ ತಿರುಗುವ ಕುದುರೆಯಾಟದ ಹಲಗೆ ಮೇಲೆ ನಡುವಿನಿಂದ ಅಂಚಿಗೆ ನಡೆದು ನೋಡಿದ್ದೀರಾ? ಯಾರೋ ಪಕ್ಕಕ್ಕೆ ನೂಕಿದ ಹಾಗಾಗುತ್ತದೆ. 1835ರಲ್ಲಿ ಫ್ರಾನ್ಸಿನ ಕೊರಿಯೊಲಿಸ್ ಈ ನೂಕುವಿಕೆಯ ಲೆಕ್ಕ ಬರೆದ. ಜೈರೋ ಒಳಗೂ ಅದೇ. ಕಡ್ಡಿ ಕಂಪಿಸುತ್ತಿರುವಾಗ ಲೆನ್ಸ್ ತಿರುಗಿದರೆ ಕಡ್ಡಿ ಪಕ್ಕಕ್ಕೆ ನೂಕಿಸಿಕೊಳ್ಳುತ್ತದೆ. ಆ ಪಕ್ಕದ ಅಲುಗಾಟ ಒಂದು ಸಣ್ಣ ವೋಲ್ಟೇಜ್ ಆಗುತ್ತದೆ.

ಈ ವೋಲ್ಟೇಜ್ ಹೇಳುವುದು ವೇಗವನ್ನು, ಕೋನವನ್ನಲ್ಲ. ಬಸ್ಸಿನ ಸ್ಪೀಡೋಮೀಟರ್ ಇದ್ದ ಹಾಗೆ. ಬಾಗಲಕೋಟೆ ಬಿಟ್ಟು ಎಷ್ಟು ದೂರ ಬಂದೆವು ಅಂತ ಬರೀ ಮುಳ್ಳು ನೋಡಿ ತಿಳಿಯಬೇಕಾದರೆ ಪ್ರತಿ ಕ್ಷಣದ ವೇಗ ಬರೆದು ಕೂಡಿಸುತ್ತ ಹೋಗಬೇಕು. ಬೋರ್ಡ್ ಮೇಲಿನ ಚಿಪ್ ಅದನ್ನೇ ಮಾಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ ವೇಗ ಓದಿ, ಕೂಡಿಸಿ, ಎಷ್ಟು ತಿರುಗಿತು ಅಂತ ತೆಗೆಯುತ್ತದೆ. ಆಮೇಲೆ ಜೂಮ್ ಎಷ್ಟು ಮಿ.ಮೀ.ಗೆ ಇದೆಯೋ ಆ ಫೋಕಲ್ ಲೆಂಗ್ತ್‌ಗೆ ಗಾಜನ್ನು ಎಷ್ಟು ಸರಿಸಬೇಕು ಅಂತ ಲೆಕ್ಕ ಹಾಕುತ್ತದೆ. ಕೂಡಿಸುವಾಗ ಸಣ್ಣ ತಪ್ಪೂ ಕೂಡುತ್ತ ಹೋಗುತ್ತದೆ. ಅದಕ್ಕೆ ಬಹಳ ನಿಧಾನದ ಬದಲಾವಣೆಯನ್ನು ಚಿಪ್ ಸೋಸಿ ಬಿಡುತ್ತದೆ. ಹಳೆಯ ಲೆನ್ಸ್‌ಗಳನ್ನು ಟ್ರೈಪಾಡ್ ಮೇಲೆ ಇಟ್ಟಾಗ ಸ್ಟೆಬಿಲೈಜರ್ ಆಫ್ ಮಾಡಿ ಅಂತ ಕಂಪನಿಗಳು ಹೇಳುವುದಕ್ಕೂ ಇದೇ ಬಗೆಯ ಕಾರಣ. ಇಲ್ಲದ ನಡುಕವನ್ನು ಅದು ಸರಿಪಡಿಸಲು ಹೋಗುತ್ತದೆ, ಚಿತ್ರ ತಾನೇ ತೇಲತೊಡಗುತ್ತದೆ.

ಬೋರ್ಡಿಗೆ ಬಂದ ಫ್ಲೆಕ್ಸ್ ಪಟ್ಟಿಗಳನ್ನು, ಅಂದರೆ ತಂತಿಯ ಕೆಲಸ ಮಾಡುವ ಬಾಗುವ ತೆಳು ಪಟ್ಟಿಗಳನ್ನು, ಒಂದೊಂದಾಗಿ ಬಿಡಿಸಿದೆ. ಕನೆಕ್ಟರ್‌ನ ಸಣ್ಣ ಲಾಕ್ ಎತ್ತಬೇಕು, ಪಟ್ಟಿ ಎಳೆಯಬಾರದು. ಸ್ಟೆಬಿಲೈಜರ್‌ನಿಂದ ಬಂದ ಪಟ್ಟಿಯಲ್ಲಿ ಮೀಟರ್ ಇಟ್ಟು ಎರಡು ಕಾಯಿಲ್ ಅಳೆದೆ. ಒಂದು 17 ಓಮ್, ಇನ್ನೊಂದು 18. ನನಗೆ ದೊಡ್ಡ ಸಮಾಧಾನ. ಕಾಯಿಲ್ ಸುಟ್ಟಿಲ್ಲ, ಪಟ್ಟಿ ಹರಿದಿಲ್ಲ. ಹಾಗಾದರೆ ದೋಷ ವಿದ್ಯುತ್ತಿನದಲ್ಲ, ಕೈಯಿಂದ ಸರಿಮಾಡುವಂಥದ್ದು.

ಬುಧವಾರ ರಾತ್ರಿ: ನವಣೆ ಕಾಳು

ಹಿಂದಿನ ಗಾಜಿನ ಗುಂಪು ಮೂರು ಪ್ಲಾಸ್ಟಿಕ್ ರೋಲರ್ ಮೇಲೆ ನಿಂತಿತ್ತು. ಅದರಲ್ಲಿ ಒಂದರ ತೂತು ನಡುವಿನಲ್ಲಿಲ್ಲ, ಒಂದು ಬದಿಗೆ ಇದೆ. ಅದನ್ನು ತಿರುಗಿಸಿದರೆ ಗಾಜಿನ ವಾಲಿಕೆ ಬದಲಾಗುತ್ತದೆ. ಬಿಚ್ಚುವ ಮೊದಲು ಸೂಜಿಯಿಂದ ಗೀರು ಹಾಕಿ ಗುರುತು ಮಾಡಿದೆ. ಬಿಚ್ಚುವವರು ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ.

ಅದು ಹೊರಬಂದ ಮೇಲೆ ಕೆಳಗೆ ಸ್ಟೆಬಿಲೈಜರ್ ಕಂಡಿತು. ಮೂರು ಸ್ಕ್ರೂ ತೆಗೆದು ಎತ್ತುವಾಗಲೇ ಏನೋ ಬಿಳಿಯದು ಟಕ್ ಅಂತ ಪರಾತದ ಬಟ್ಟೆ ಮೇಲೆ ಬಿತ್ತು. ನವಣೆ ಕಾಳಿನಷ್ಟು. ಬಿಳಿ ಬಟ್ಟೆ ಮೇಲೆ ಬಿಳಿ ಕಾಳು. ಟಾರ್ಚನ್ನು ಮಲಗಿಸಿ ಹಿಡಿದಾಗ ಅದರ ನೆರಳು ಕಂಡಿತು. ಸೆರಾಮಿಕ್ ಗೋಲಿ.

ಈ ಘಟಕ ಹೇಗಿತ್ತು ಅಂದರೆ, ಒಂದು ಕದಲದ ತಟ್ಟೆ. ಅದರ ಮೇಲೆ ಗಾಜು ಹೊತ್ತ ಇನ್ನೊಂದು ತಟ್ಟೆ. ಎರಡರ ನಡುವೆ ಮೂರು ಸೆರಾಮಿಕ್ ಗೋಲಿ. ಮೂರು ಕಡೆ ಮೂರು ಸಣ್ಣ ಎಳೆಯುವ ಸ್ಪ್ರಿಂಗ್, ಮೇಲಿನ ತಟ್ಟೆಯನ್ನು ಕೆಳಗಿನದಕ್ಕೆ ಬಿಗಿದು ಹಿಡಿಯಲು. ಗೋಲಿ ಇರುವುದರಿಂದ ತಟ್ಟೆ ಎತ್ತ ಬೇಕಾದರೂ ಜಾರುತ್ತದೆ, ಆದರೆ ವಾಲುವುದಿಲ್ಲ. ಮೂರು ಕಾಲಿನ ಸ್ಟೂಲು ಯಾವ ನೆಲದ ಮೇಲೂ ಕುಂಟುವುದಿಲ್ಲವಲ್ಲ, ಅದೇ ಲೆಕ್ಕ.

ನನ್ನದರಲ್ಲಿ ಮೂರರಲ್ಲಿ ಒಂದು ಸ್ಪ್ರಿಂಗ್ ಕೊಂಡಿಯಿಂದ ಕಳಚಿತ್ತು. ಬಿದ್ದ ಪೆಟ್ಟಿಗೆ ತಟ್ಟೆ ಆ ಬದಿಯಲ್ಲಿ ಎದ್ದಿದೆ, ಸ್ಪ್ರಿಂಗ್ ಬಿಟ್ಟಿದೆ, ಗೋಲಿ ತನ್ನ ಗುಳಿಯಿಂದ ಹೊರಬಿದ್ದು ಅಂಚಿಗೆ ಸಿಕ್ಕಿಕೊಂಡಿದೆ. ಎಲ್ಲ ಒಮ್ಮೆಗೇ ತಿಳಿಯಾಯಿತು. ತಟ್ಟೆ ವಾಲಿದ್ದರಿಂದ ಚಿತ್ರದ ಎಡಬದಿ ಮಸುಕು. ಜಿಗಿತಕ್ಕೆ ಕಾರಣ ಇನ್ನೂ ಸ್ವಾರಸ್ಯದ್ದು.

ಮೇಲಿನ ತಟ್ಟೆಯಲ್ಲಿ ಎರಡು ಚಪ್ಪಟೆ ಅಯಸ್ಕಾಂತ, ಅವುಗಳ ಎದುರಿಗೆ ಕೆಳಗೆ ಎರಡು ಕಾಯಿಲ್. ನಾನು ಅಂಗಡಿಯಲ್ಲಿ ಸುತ್ತುವ ಕಾಯಿಲ್ ಅಂಗೈ ಅಗಲ ಇರುತ್ತದೆ. ಇವು ಕಿರುಬೆರಳಿನ ಉಗುರಿನಷ್ಟು. ಕರೆಂಟ್ ಒಂದು ದಿಕ್ಕಿಗೆ ಹರಿದರೆ ತಟ್ಟೆ ಆ ಕಡೆ, ತಿರುಗಿಸಿದರೆ ಈ ಕಡೆ. ಸ್ಪೀಕರ್ ಕೋನ್ ಅಲ್ಲಾಡುವುದೂ ಹೀಗೇ. ತಟ್ಟೆ ಈಗ ನಿಜವಾಗಿ ಎಲ್ಲಿದೆ ಅಂತ ಹೇಳಲು ಎರಡು ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಗುಣ. ಅಯಸ್ಕಾಂತ ಹತ್ತಿರ ಬಂದರೆ ವೋಲ್ಟೇಜ್ ಬದಲಾಗುತ್ತದೆ. ಚಿಪ್ ತಟ್ಟೆಯನ್ನು ಇಲ್ಲಿಗೆ ಹೋಗು ಅನ್ನುತ್ತದೆ, ಹಾಲ್ ಸೆನ್ಸರ್ ಇಲ್ಲಿದ್ದೇನೆ ಅನ್ನುತ್ತದೆ, ನಡುವಿನ ಕೊರತೆ ನೋಡಿ ಚಿಪ್ ಕರೆಂಟ್ ಹೆಚ್ಚು ಕಡಿಮೆ ಮಾಡುತ್ತದೆ. ಈ ಸವಾಲು ಜವಾಬು ಒಂದು ಕ್ಷಣವೂ ನಿಲ್ಲುವುದಿಲ್ಲ.

ತಟ್ಟೆ ವಾಲಿದಾಗ ಅಯಸ್ಕಾಂತ ಮತ್ತು ಸೆನ್ಸರ್ ನಡುವಿನ ಅಂತರವೇ ಬದಲಾಯಿತು. ಸೆನ್ಸರ್ ತಪ್ಪು ಉತ್ತರ ಕೊಡತೊಡಗಿತು. ಚಿಪ್ ಅದನ್ನು ನಂಬಿ ಜಾಸ್ತಿ ನೂಕಿತು. ತಟ್ಟೆ ಸಿಕ್ಕಿಕೊಂಡ ಗೋಲಿಗೆ ತಾಗಿ ನಿಂತಿತು, ಆಮೇಲೆ ಒಮ್ಮೆಲೇ ಬಿಟ್ಟು ಜಿಗಿಯಿತು. ಅದೇ ನನ್ನ ಬೇವಿನ ಮರದ ಕುಣಿತ, ಅದೇ ದುಂಬಿಯ ಸದ್ದು.

ಗೋಲಿ ವಾಪಸ್ ಇಡಲು ಉಕ್ಕಿನ ಚಿಮಟಿಗೆ ಹತ್ತಿರ ತಂದೆ. ಅಯಸ್ಕಾಂತ ಚಿಮಟಿಗೆಯನ್ನೇ ಕಸಿದು ಎಳೆಯಿತು. ಗಾಜಿಗೆ ತಾಗಲು ಕೂದಲೆಳೆ ಅಂತರ ಉಳಿದಿತ್ತು. ಅಲ್ಲಿಗೇ ನಿಲ್ಲಿಸಿ, ಎಲ್ಲವನ್ನೂ ಡಬ್ಬಿಯಲ್ಲಿ ಮುಚ್ಚಿಟ್ಟು ಮಲಗಿದೆ.

ಗುರುವಾರ: ಹಳೇ ಊರಿನ ಗಡಿಯಾರದ ಅಂಗಡಿ

ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಎಷ್ಟೋ ಭಾಗ ಮುಳುಗಿತು, ಜನ ನವನಗರಕ್ಕೆ ಬಂದರು. ಉಳಿದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರು ಇನ್ನೂ ಅದೇ ಅಂಗಡಿಯಲ್ಲಿ ಕೂರುತ್ತಾರೆ. ನಾನು ಚಿಕ್ಕವನಿದ್ದಾಗಿನಿಂದ ಕಾಕಾ ಅನ್ನುತ್ತೇನೆ.

"ಕಾಕಾ, ಹಿತ್ತಾಳಿ ಚಿಮಟಿಗಿ ಬೇಕಾಗಿತ್ರಿ. ಇದ್ರಾಗ ಅಯಸ್ಕಾಂತ ಐತಿ, ಉಕ್ಕಿಂದು ಎಳಕೋತೈತಿ."

"ಅಯಸ್ಕಾಂತ ಐತಿ?" ಕಾಕಾ ಕೈಯಲ್ಲಿದ್ದ ವಾಚನ್ನು ಮೊದಲು ಡ್ರಾಯರ್‌ಗೆ ಹಾಕಿದರು. "ಹಂಗಾರ ಆ ಕಡೆ ಸ್ಟೂಲ್ ಮ್ಯಾಲೆ ಕುಂದ್ರು. ಇಲ್ಲಿ ತರಬ್ಯಾಡ."

ಅವರು ಹೇಳಿದ್ದು ಸರಿ. ಕೀಲಿ ಕೊಡುವ ವಾಚಿನಲ್ಲಿ ಓಟದ ಲಯ ಹಿಡಿಯುವ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್‌ಗೆ ಅಯಸ್ಕಾಂತದ ಗುಣ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ವಾಚ್ ಹೆಚ್ಚು ವೇಗವಾಗಿ ಓಡತೊಡಗುತ್ತದೆ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಪರಾತ ಇಟ್ಟುಕೊಂಡು ಕೂತೆ.

ಹಿತ್ತಾಳೆ ಚಿಮಟಿಗೆಯಿಂದ ಗೋಲಿ ಸುಲಭವಾಗಿ ಗುಳಿಗೆ ಹೋಯಿತು. ಸೆರಾಮಿಕ್ ಆದ್ದರಿಂದ ಅದಕ್ಕೆ ಅಯಸ್ಕಾಂತದ ಗೊಡವೆ ಇಲ್ಲ. ಕಷ್ಟ ಸ್ಪ್ರಿಂಗ್‌ನದು. ಉದ್ದ 4 ಮಿ.ಮೀ. ಇರಬಹುದು. ತುದಿಯ ಕುಣಿಕೆಯನ್ನು ಎಳೆದು ತಟ್ಟೆಯ ಕೊಂಡಿಗೆ ಸಿಕ್ಕಿಸಬೇಕು. ಚಿಮಟಿಗೆಯಲ್ಲಿ ಹಿಡಿದರೆ ಜಾರಿ ಪುಟಿಯುತ್ತದೆ. ಎರಡು ಸಲ ಪುಟಿದು ಪರಾತದ ಅಂಚಿಗೆ ಬಡಿದು ಒಳಗೇ ಬಿತ್ತು. ಪರಾತ ಇಲ್ಲದಿದ್ದರೆ ಆ ಸ್ಪ್ರಿಂಗ್ ಬೀದಿ ಪಾಲು.

ಕಾಕಾ ದೂರದಿಂದಲೇ ನೋಡುತ್ತಿದ್ದರು. "ದಾರ ಹಾಕಿ ಎಳಿ" ಅಂದರು.

ಅವ್ವನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದು ರೇಷ್ಮೆ ಎಳೆ ಮನೆಯಿಂದ ತಂದಿದ್ದೆ. ಹತ್ತಿ ದಾರ ಜುಂಗು ಬಿಡುತ್ತದೆ, ರೇಷ್ಮೆ ಬಿಡುವುದಿಲ್ಲ. ಎಳೆಯನ್ನು ಸ್ಪ್ರಿಂಗ್ ಕುಣಿಕೆಯಲ್ಲಿ ತೂರಿಸಿ, ಎರಡು ತುದಿ ಸೇರಿಸಿ ಹಿಡಿದು, ನಿಧಾನಕ್ಕೆ ಎಳೆಯಬೇಕು. ಕುಣಿಕೆ ಕೊಂಡಿಯ ಮೇಲೆ ಬಂದಾಗ ಬಿಡಬೇಕು. ಆಮೇಲೆ ಎಳೆಯ ಒಂದು ತುದಿ ಎಳೆದರೆ ದಾರ ಹೊರಗೆ ಬರುತ್ತದೆ. ಇಳಕಲ್ ಮಗ್ಗದಲ್ಲೂ ಸೀರೆಯ ಮೈ ಹಾಸು ಮತ್ತು ಸೆರಗಿನ ಹಾಸನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಅದಕ್ಕೂ ಕೊಂಡಿ ಅಂತಲೇ ಹೆಸರು. ಅಲ್ಲಿ ಸಾವಿರಾರು ಎಳೆ, ನನಗೆ ಇಲ್ಲಿ ಒಂದನ್ನು ಸಿಕ್ಕಿಸುವುದೂ ಆಗುತ್ತಿರಲಿಲ್ಲ.

ನಾಲ್ಕು ಸಲ ತಪ್ಪಿತು. ಕುಣಿಕೆ ಕೊಂಡಿಯ ಮೇಲೆ ಬಂದ ಹೊತ್ತಿಗೇ ಕೈ ನಡುಗಿ ಪಕ್ಕಕ್ಕೆ ಹೋಗುತ್ತಿತ್ತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ದಾರ. ಉಸಿರು ಬಿಗಿಹಿಡಿದರೆ ನಡುಕ ಇನ್ನೂ ಜಾಸ್ತಿ.

"ಕೈ ನಡುಗೂದು ನಿಲ್ಲಂಗಿಲ್ಲ ತಮ್ಮಾ" ಅಂದರು ಕಾಕಾ. "ಎರಡೂ ಕಿರುಬೆರಳು ಒಂದಕ್ಕೊಂದು ಹತ್ತಿಸಿ ಇಡು. ನಡುಗಿದ್ರ ಎರಡೂ ಕೂಡೇ ನಡುಗಲಿ."

ಮಣಿಕಟ್ಟನ್ನು ಪರಾತದ ಅಂಚಿಗೆ ಊರಿದೆ. ಎರಡೂ ಕಿರುಬೆರಳು ಸೇರಿಸಿದೆ. ಅರ್ಧ ಉಸಿರು ಬಿಟ್ಟೆ. ಕೈ ನಡುಗುತ್ತಲೇ ಇತ್ತು, ಆದರೆ ದಾರ ಮತ್ತು ಕೊಂಡಿ ಒಂದಕ್ಕೊಂದು ಕದಲಲಿಲ್ಲ. ಕುಣಿಕೆ ಕೂತಿತು. ಐಗ್ಲಾಸ್‌ನಲ್ಲಿ ನೋಡಿದೆ, ಸರಿಯಾಗಿ ಕೂತಿತ್ತು.

ಸೆನ್ಸರ್ ಜೊತೆ ಚಿತ್ರವನ್ನೂ ನಡುಗಿಸುವ ಲೆಕ್ಕವನ್ನು ನಾನು ಎರಡು ದಿನದಿಂದ ಓದಿ ತಲೆಗೆ ಹಾಕಿಕೊಂಡಿದ್ದೆ. ಅದೇ ಮಾತನ್ನು ಕಾಕಾ ಬೆರಳಿನಲ್ಲಿ ತೋರಿಸಿದರು. ಲೆನ್ಸ್ ಒಳಗೆ ಏನಿದೆ ಅಂತ ಅವರಿಗೆ ನಾನಿನ್ನೂ ಹೇಳಿಯೂ ಇರಲಿಲ್ಲ.

ಒಂದು ಹನಿ ವಾಚ್ ಎಣ್ಣೆ ಬಿಡಲೇ ಅಂತ ಕೇಳಿದೆ. "ಬ್ಯಾಡ, ಎಣ್ಣಿ ಓಡತೈತಿ" ಅಂದರು. ನಿಜ. ಎಣ್ಣೆ ಹರಿದು ಪಕ್ಕದ ಅಪರ್ಚರ್ ಎಲೆಗಳಿಗೆ ಹತ್ತಿದರೆ ಅವು ಅಂಟಿಕೊಳ್ಳುತ್ತವೆ. ಗುಳಿಯಲ್ಲಿ ಮೊದಲೇ ಇದ್ದ ತೆಳು ಗ್ರೀಸ್ ಸಾಕಾಗಿತ್ತು.

ಕೊನೆಗೆ ಬಿದಿರು ಕಡ್ಡಿಯಿಂದ ತಟ್ಟೆಯನ್ನು ಮೆಲ್ಲಗೆ ನಾಲ್ಕೂ ಕಡೆ ಕೊನೆ ಮುಟ್ಟುವ ತನಕ ನೂಕಿದೆ. ಇದಕ್ಕೆ ಕಾರಣ ಇದೆ. ಎರಡು ತಟ್ಟೆ ನಡುವೆ ಉರುಳುವ ಗೋಲಿ ತಟ್ಟೆ ಹೋದ ದೂರದ ಅರ್ಧ ಮಾತ್ರ ಹೋಗುತ್ತದೆ. ಗೋಲಿ ಗುಳಿಯ ನಡುವಿನಲ್ಲಿ ಇಲ್ಲದಿದ್ದರೆ ತಟ್ಟೆ ಕೊನೆ ಮುಟ್ಟುವ ಮೊದಲೇ ಅದು ಗುಳಿಯ ಗೋಡೆಗೆ ತಾಗುತ್ತದೆ. ಆಮೇಲೆ ಉರುಳುವುದಿಲ್ಲ, ಉಜ್ಜುತ್ತದೆ. ನಾಲ್ಕೂ ಕಡೆ ಪೂರ್ತಿ ನೂಕಿದರೆ ಗೋಡೆಯೇ ಗೋಲಿಯನ್ನು ಹಿಂದಕ್ಕೆ ತಳ್ಳಿ ತಳ್ಳಿ ನಡುವಿಗೆ ತರುತ್ತದೆ. ಮೊದಲ ಸುತ್ತಿನಲ್ಲಿ ಗರಗರ ಅನ್ನಿಸಿತು. ಮೂರನೇ ಸುತ್ತಿಗೆ ಬೆಣ್ಣೆಯ ಹಾಗೆ ಜಾರಿತು.

ಶನಿವಾರ ಮತ್ತು ಭಾನುವಾರ: ಪರೀಕ್ಷೆ

ಜೋಡಿಸಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋಗಳನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಹೋದೆ. ಶಿಮ್ ಅವುಗಳ ಜಾಗಕ್ಕೆ, ರೋಲರ್ ಗೀರಿಗೆ ಗೀರು ಸೇರಿಸಿ. ಗಾಜಿನ ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿದೆ. ಬಾಯಿಂದ ಊದಿದರೆ ಉಗುಳಿನ ಹನಿ ಕೂರುತ್ತದೆ. ಸ್ಕ್ರೂ ಒಂದೂ ಮಿಗಲಿಲ್ಲ.

ಕ್ಯಾಮೆರಾಗೆ ಹಾಕಿ, ಆನ್ ಮಾಡಿ, ಅರ್ಧ ಒತ್ತಿದೆ. ಸಣ್ಣಗೆ ಸುಂಯ್ ಅಂತ ಒಂದು ಸದ್ದು. ಬೇವಿನ ಮರ ತೇಲಿ ಬಂದು ನಿಂತಿತು. ಎಲೆ ಎಲೆ ಕಂಡಿತು. ಅವ್ವನನ್ನು ಕರೆದು ತೋರಿಸಿದೆ.

ಕಣ್ಣಿನ ಸಂತೋಷ ಸಾಕಾಗುವುದಿಲ್ಲ, ಎಣಿಸಬೇಕು. ಗೋಡೆಗೆ ಪೇಪರ್ ಅಂಟಿಸಿ, 300 ಮಿ.ಮೀ.ನಲ್ಲಿ, ಕೈಯಲ್ಲೇ ಹಿಡಿದು, ಪ್ರತಿ ಶಟರ್ ವೇಗಕ್ಕೂ ಹತ್ತು ಹತ್ತು ಫೋಟೋ ತೆಗೆದೆ. ಅಕ್ಷರ ಚೊಕ್ಕ ಓದಲು ಬಂದದ್ದನ್ನು ಮಾತ್ರ ಎಣಿಸಿದೆ. ನನ್ನಂಥ ಸಣ್ಣ ಸೆನ್ಸರ್ ಕ್ಯಾಮೆರಾದಲ್ಲಿ 300 ಅಂದರೆ 450ರ ಲೆಕ್ಕ, ಹಾಗಾಗಿ ಲೆನ್ಸ್ ಎಷ್ಟು ಮಿ.ಮೀ.ನದೋ ಸೆಕೆಂಡಿನ ಅಷ್ಟನೇ ಭಾಗ ಅನ್ನುವ ಹಳೆಯ ನಿಯಮದ ಪ್ರಕಾರ ಸೆಕೆಂಡಿನ 450ನೇ ಭಾಗಕ್ಕಿಂತ ನಿಧಾನ ಹೋಗಬಾರದು. ಸ್ಟೆಬಿಲೈಜರ್ ಆಫ್ ಇದ್ದಾಗ 1/500ರಲ್ಲಿ ಹತ್ತಕ್ಕೆ ಒಂಬತ್ತು ಚೊಕ್ಕ. 1/125ರಲ್ಲಿ ಮೂರು. 1/60ರಲ್ಲಿ ಒಂದು. 1/30ರಲ್ಲಿ ಒಂದೂ ಇಲ್ಲ. ಆನ್ ಮಾಡಿದಾಗ 1/125ರಲ್ಲಿ ಒಂಬತ್ತು, 1/60ರಲ್ಲಿ ಎಂಟು, 1/30ರಲ್ಲಿ ಐದು. 1/500ರಿಂದ 1/60ರ ತನಕ ಬೆಳಕು ಮೂರು ಸಲ ಇಮ್ಮಡಿಯಾಗುತ್ತದೆ, ಅಂದರೆ ಮೂರು ಸ್ಟಾಪ್. ಬಿದ್ದು ಎದ್ದ ಲೆನ್ಸ್‌ಗೆ ಇದು ಪೂರಾ ಸಾಕು. 1/500ಕ್ಕೆ ಐ.ಎಸ್.ಓ. (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200 ಬೇಕಾದ ಕಡೆ 1/60ಕ್ಕೆ 400 ಸಾಲುತ್ತದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನನ್ನು ಸಂಜೆ ಬೆಳಕಿನಲ್ಲಿ ತೆಗೆದವರಿಗೆ ಈ ಫರಕ್ ಏನು ಅಂತ ಗೊತ್ತು. ಅಂಥ ಕಡೆ ಟ್ರೈಪಾಡ್ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯೇ ಗತಿ.

ಭಾನುವಾರ ಬೆಳಿಗ್ಗೆ ಮತ್ತೆ ಹಿನ್ನೀರಿಗೆ ಹೋದೆ. ಮಂಜು ಇತ್ತು. ದಂಡೆಯಲ್ಲಿ ನಿಂತಿದ್ದ ಹೆಬ್ಬಾತುಗಳನ್ನು 1/60ರಲ್ಲಿ ತೆಗೆದೆ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಗೆರೆ ಎಳೆದ ಹಾಗೆ ಬಂದವು. ಅದೇ ವೇಗದಲ್ಲಿ ಹಾರಿದ ಹಕ್ಕಿಗಳೆಲ್ಲ ಮಸುಕು. ಅದು ಲೆನ್ಸ್ ತಪ್ಪಲ್ಲ. ಸ್ಟೆಬಿಲೈಜರ್ ನನ್ನ ಕೈ ನಡುಕ ಮಾತ್ರ ಸರಿಮಾಡುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ 1/1000 ಮೇಲೆಯೇ ಬೇಕು. ಕ್ಯಾಮೆರಾ ಗಡಿಯಾರದ ಮುಳ್ಳಿನ ಹಾಗೆ ತಿರುಚಿದರೂ ಈ ಲೆನ್ಸ್ ಏನೂ ಮಾಡಲಾರದು. ದುಂಡಗಿನ ಗಾಜನ್ನು ಪಕ್ಕಕ್ಕೆ ಎಷ್ಟು ಸರಿಸಿದರೂ ಚಿತ್ರ ತಿರುಗುವುದಿಲ್ಲ. ಅದಕ್ಕೆ ಸೆನ್ಸರನ್ನೇ ತಿರುಗಿಸುವ ಕ್ಯಾಮೆರಾ ಬೇಕು.

ಒಂದು ಕೊರತೆ ಉಳಿದಿದೆ. 300 ಮಿ.ಮೀ.ನಲ್ಲಿ ಅಪರ್ಚರ್ ಪೂರ್ತಿ ತೆರೆದರೆ ಎಡ ಮೇಲಿನ ಮೂಲೆ ಇನ್ನೂ ಸ್ವಲ್ಪ ಮೆತ್ತಗಿದೆ. ಅಪರ್ಚರ್ ಸಣ್ಣದು ಮಾಡಿ ಎಫ್ 8ಕ್ಕೆ ಇಳಿಸಿದರೆ ಕಾಣುವುದಿಲ್ಲ. ಒಂದು ಬದಿಗೆ ತೂತಿರುವ ಆ ರೋಲರನ್ನು ಕೂದಲಷ್ಟು ತಿರುಗಿಸಿದರೆ ಸರಿಯಾಗಬಹುದು. ಅದಕ್ಕೆ ಮತ್ತೆ ಮೌಂಟ್‌ನಿಂದ ಶುರು ಮಾಡಿ ಬಿಚ್ಚಬೇಕು. ಹಕ್ಕಿಗಳು ಮಾರ್ಚ್ ಹೊತ್ತಿಗೆ ಹೊರಡುತ್ತವೆ. ಆಮೇಲೆ ಬಿಚ್ಚುತ್ತೇನೆ. ರೇಷ್ಮೆ ಎಳೆಯನ್ನು ಸ್ಕ್ರೂ ಕಾಗದದ ಜೊತೆ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.